ಹಿಂಗಾಲಿನ ಬಿಳಿ ಪಟ್ಟೆ

ಮಾರ್ಚ್ ೧೪

ಪ್ರೀತಿಯ ಮರೀ,

ಮೂರು ವಾರ ಉತ್ತರ ಬರೆಯದ ಅಪ್ಪನನ್ನು ಮನ್ನಿಸು. ಮುನಿಸೇನೂ ಇಲ್ಲ. ನಿನ್ನ ಲೇಖನದಲ್ಲಿ ಒಂದಾದರೂ ತಪ್ಪು ಹುಡುಕಲೇಬೇಕೆಂದು ಹಟ ಹಿಡಿದು ಕೂತಿದ್ದೆ. ಸಿಗಲಿಲ್ಲ!

ನಾನು ಏಳು ಪ್ರಭೇದ ಎಂದು ವಿಂಗಡಿಸಿದ್ದ ಸೊಳ್ಳೆಗಳ ಗುಂಪನ್ನು ನೀನು ಆರಕ್ಕೆ ಇಳಿಸಿದ್ದೀಯ. ಬಿಟ್ಟುಹೋಗುವುದು ನಿನ್ನ ಅಮ್ಮನ ಹೆಸರಿಟ್ಟಿದ್ದ ಪ್ರಭೇದ. "ಅಪ್ಪಾ, ನೀವು ಬೇಡ ಅಂದ್ರೆ ಅಚ್ಚಿಗೆ ಕಳಿಸಲ್ಲ" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನಿನ್ನೆ ಮ್ಯೂಸಿಯಂಗೆ ಹೋಗಿದ್ದೆ. ಸೊಳ್ಳೆಗಳ ಬೀರು ಕಾಯುವ ನಮ್ಮ ಕಪಾಟಮ್ಮ ಇನ್ನೂ ಹಾಗೇ ಇದ್ದಾರೆ. ಜೋರಾಗಿ ಉಸಿರು ಬಿಟ್ಟರೂ ಗದರುತ್ತಾರೆ. "ಸೀನೋದಿದ್ರೆ ಹೊರಗೆ ಹೋಗಿ ಸೀನ್ಕೊಂಡು ಬನ್ನಿ ಸಾರ್" ಎಂದೇ ಡಬ್ಬಿ ತೆರೆದರು. ನಿನ್ನ ಅಮ್ಮನ ಹೆಸರಿಡಲು ನನಗೆ ಆಧಾರವಾಗಿದ್ದ ಆ ಒಂದೇ ಒಂದು ಹೆಣ್ಣು ಸೊಳ್ಳೆ, ಸೂಜಿಗೆ ಚುಚ್ಚಿದ ಕಾಗದದ ಚೂರಿನ ತುದಿಯಲ್ಲಿ ಅಂಟಿಕೊಂಡಿತ್ತು.

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ರೆಕ್ಕೆಯ ಹುರುಪೆ, ಎದೆಯ ಕೂದಲು ಎಲ್ಲ ನನ್ನ ಪಟ್ಟಿಯ ಮೂರನೇ ಪ್ರಭೇದದ್ದೇ. ಬೇರೆಯಾಗಿರುವುದು ಹಿಂಗಾಲಿನ ಬಿಳಿ ಪಟ್ಟೆಯೊಂದೇ. ಆ ಕಾಲಿನ ಬುಡದಲ್ಲಿ, ನೀನು ಬರೆದಂತೆಯೇ, ಒಂದು ಚುಕ್ಕೆ ಅಂಟು! ಡಬ್ಬಿಯಲ್ಲಿ ಉದುರಿ ಬಿದ್ದಿದ್ದ ಬೇರೆ ಸೊಳ್ಳೆಯ ಕಾಲನ್ನು 'ಯಾರೋ' ಇದಕ್ಕೆ ಅಂಟಿಸಿದ್ದಾರೆ. 'ಯಾರೋ' ಎಂದು ಬರೆದು ಅಪ್ಪನ ಮಾನ ಉಳಿಸಿದ್ದೀಯ, ಕಳ್ಳಿ! ಮೂವತ್ತು ವರ್ಷ ಘಟಾನುಘಟಿಗಳು ಕಾಣದ್ದನ್ನು ನೀನು ಕಂಡೆ. ಹೆಮ್ಮೆಯಿಂದ ಕಪಾಟಮ್ಮನನ್ನೂ ಕರೆದು ತೋರಿಸಿದೆ.

"ಅಮ್ಮಾವ್ರ ಹೆಸರು ಹೋಗತ್ತಲ್ಲ ಸಾರ್?" ಎಂದರು ಕಪಾಟಮ್ಮ.

"ಹೋಗ್ಲಿ ಬಿಡಿ. ಮಗಳಿಗೆ ಇಂಥ ಕಣ್ಣು ಕೊಟ್ಟು ಹೋಗಿದ್ದಾಳಲ್ಲ, ಸಾಕು" ಎಂದೆ. ಅವರು ಕುರ್ಚಿ ಎಳೆದು ಕೊಟ್ಟರು.

ಲೇಖನ ಕಳಿಸು, ತಡ ಮಾಡಬೇಡ. 'ಯಾರೋ' ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈಗೆತ್ತಿಕೊಂಡ ಕೆಲಸವೆಲ್ಲ ಹೀಗೇ ಕೂಡಿಬರಲಿ, ಕಂದಾ.

ನಿನ್ನ
ಅಪ್ಪ

ಇನ್ನೊಂದು ಮಾತು. ಅದು ಬರೀ ಕಣ್ತಪ್ಪಲ್ಲ. ಆ ಕಾಲು ಅದರದ್ದೇ ಹೌದೋ ಅಲ್ಲವೋ ಎಂದು ಅಂಟಿಸಿದ ಮರುದಿನವೇ ನನಗೆ ಅನುಮಾನ ಬಂದಿತ್ತು. ಇನ್ನೊಂದು ಸೊಳ್ಳೆ ಸಿಗುವವರೆಗೆ ಕಾಯಬೇಕಿತ್ತು. ಆದರೆ ಡಾಕ್ಟರು, "ಇನ್ನೊಂದು ವಾರ ಅಷ್ಟೇ" ಎಂದಿದ್ದರು. ಕರಡು ಹಿಡಿದು ಆಸ್ಪತ್ರೆಗೆ ಓಡಿದೆ. ನಿನ್ನ ಅಮ್ಮ ಓದಿ, "ಸೊಳ್ಳೆಗಾ ನನ್ನ ಹೆಸರು!" ಎಂದು ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ, "ನಿಜವಾಗ್ಲೂ ಹೊಸದೇನ್ರೀ?" ಎಂದು ಕೇಳಿದಳು. ಹೌದು ಎಂದೆ. ಅವಳೊಡನೆ ನಾನಾಡಿದ ಕೊನೆಯ ಮಾತು ಅದು.