ಎರಡು ಡಬ್ಬಿಗಳ ಮಾತ್ರೆ

ಶಿಡ್ಲಘಟ್ಟ
ಗುರುವಾರ, 24-7-2025

ಪ್ರೀತಿಯ ಗೆಳತಿ ಕವಿತಳಿಗೆ ಹರಿತಾಳ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನೀನೇ ಸರಿ ಮಾಡಿಕೊಂಡು ಓದು. ರೇಷ್ಮೆ ಗೂಡು ಬೇಯಿಸುವ ನೀರಿನಲ್ಲಿ ಕೈಯಾಡಿಸಿ ಬೆರಳ ತುದಿಗಳು ದಪ್ಪಗಾಗಿವೆ, ಪೆನ್ನು ನಿಲ್ಲುವುದಿಲ್ಲ. ಪೆರೇಸಂದ್ರದ ಶಾಲೆಯಲ್ಲಿ ಐದನೇ ತರಗತಿಯವರೆಗೆ ನಿನ್ನ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ನೀನು ನರ್ಸಿಂಗ್ ತನಕ ಹೋದೆ, ನಾನು ಅಲ್ಲೇ ನಿಂತೆ. ಅಂದಿನಿಂದ ನಾನು ಬರೆದದ್ದು ಎಂದರೆ ಅತ್ತೆಯ ಮಾತ್ರೆಯ ಲೆಕ್ಕ ಬರೆದಿಡಲು ನೀನು ಕೊಟ್ಟ ಆ ಹಸಿರು ಪುಸ್ತಕದಲ್ಲಿ ಮಾತ್ರ.

ಫೋನಿನಲ್ಲೇ ಹೇಳಬಹುದಿತ್ತು. ಪ್ರತಿ ಶನಿವಾರ ನೀನೇ ಫೋನ್ ಮಾಡುತ್ತೀಯ. ಆದರೆ ಶುರುವಿನಲ್ಲೇ "ಇದು ರೆಕಾರ್ಡ್ ಆಗುತ್ತೆ ಕಣೇ, ಹೆದರ್ಕೋಬೇಡ" ಎನ್ನುತ್ತೀಯ. ತಲೆನೋವು ಇದೆಯಾ ಎಂದರೆ ಇಲ್ಲ, ಮಾತ್ರೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆಯಿತಾ ಎಂದರೆ ಇಲ್ಲ. ಇಷ್ಟು ಹೇಳಿ ಇಟ್ಟುಬಿಡುತ್ತೇನೆ. ಆ ಎರಡನೆಯ ಇಲ್ಲ ಸುಳ್ಳು.

ನಮ್ಮ ಪಕ್ಕದ ಮನೆಯವರು, ನಾನು ನೂಲು ಬಿಚ್ಚುವ ಶೆಡ್ಡಿನ ಯಜಮಾನರು ತಾಜ್ ಪಾಷಾ ಅವರು ಸೋಮವಾರದಿಂದ ನಿಮ್ಮ ಆಸ್ಪತ್ರೆಯಲ್ಲೇ ಇದ್ದಾರೆ. ತಲೆಯೊಳಗೆ ಮತ್ತೆ ರಕ್ತ ಸೇರಿದೆ. ನಾಳೆ ಇನ್ನೊಂದು ಸ್ಕ್ಯಾನ್ ನೋಡಿ ದೊಡ್ಡ ಡಾಕ್ಟರು ಎರಡನೇ ಸಲ ಆಪರೇಷನ್ ಬೇಕೋ ಬೇಡವೋ ಹೇಳುತ್ತಾರಂತೆ. ಅಷ್ಟರೊಳಗೆ ನಾನು ಬರೆಯುವುದು ನಿನಗೆ ಗೊತ್ತಾಗಬೇಕು. ಎಲ್ಲಿಂದ ಹೇಳಲಿ ಎಂದು ಈಗಾಗಲೇ ಮೂರು ಸಲ ಎದ್ದು ಹೋಗಿ ಬಂದೆ. ಒಂದು ಸಲ ಹಾಲು ಉಕ್ಕುತ್ತದೆಂದು, ಎರಡು ಸಲ ಸುಮ್ಮನೆ.

ನಿನ್ನ ಫಾರಂಗಳನ್ನು ತೆಗೆದು ನೋಡು. ತಲೆಗೆ ಪೆಟ್ಟಾದ ದಿನ ಯಾವುದು ಎಂಬಲ್ಲಿ ನಮ್ಮ ಅತ್ತೆಯದೂ ಪಾಷಾ ಅವರದೂ ಒಂದೇ ತಾರೀಕು. ಯುಗಾದಿ ಕಳೆದು ಎರಡು ವಾರಕ್ಕೆ ಅತ್ತೆ ಗೂಡಿನ ಮಾರುಕಟ್ಟೆಗೆ ಹೋಗಿದ್ದರು. ನಮ್ಮ ಗೂಡನ್ನು ಆವತ್ತು ಹರಾಜಿನಲ್ಲಿ ಹಿಡಿದವರು ಪಾಷಾ ಅವರೇ. ಒಂದೇ ಬೀದಿಯವರು ಎಂದು ಇಬ್ಬರೂ ಮೂಟೆಗಳ ಜೊತೆ ಒಂದೇ ಗೂಡ್ಸ್ ಆಟೋದಲ್ಲಿ ಹಿಂದೆ ಕೂತು ಬಂದರು. ರಸ್ತೆಯ ಹಂಪು ಹಾರಿದಾಗ ಇಬ್ಬರ ತಲೆಯೂ ಮೇಲಿನ ಕಬ್ಬಿಣದ ಸರಳಿಗೆ ಬಡಿಯಿತು. ರಕ್ತ ಬರಲಿಲ್ಲ. "ಏನಕ್ಕಾ, ತಲೆ ಐತಾ ನೋಡ್ಕೋ" ಎಂದು ಪಾಷಾ ಅವರು, "ನಿಂದು ನೋಡ್ಕೋ ಪಾಷಣ್ಣ, ನಂದು ಮೊದ್ಲಿಂದ್ಲೂ ಇಲ್ಲ" ಎಂದು ಅತ್ತೆ. ನಕ್ಕುಕೊಂಡೇ ಇಳಿದರು.

ಆರು ವಾರ ಕಳೆದ ಮೇಲೆ ಅತ್ತೆಯ ಎಡಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದರೂ ಅವರಿಗೆ ತಿಳಿಯದಾಯಿತು. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದರು. ನನ್ನನ್ನು ಸತ್ತುಹೋದ ತಮ್ಮ ಅಕ್ಕನ ಹೆಸರು ಹಿಡಿದು, ಅಕ್ಕಯ್ಯಮ್ಮಾ ಎಂದು ಕರೆದರು. ನಮ್ಮ ಮನೆಯವರು ಕುಡುಮಲಕುಂಟೆಯ ಫ್ಯಾಕ್ಟರಿಯಿಂದ ಭಾನುವಾರ ಮಾತ್ರ ಬರುವವರು. ವಯಸ್ಸಾಯಿತು, ಅದಕ್ಕೇ ಮರೆವು ಎಂದರು. ನನಗೆ ಸಮಾಧಾನವಾಗಲಿಲ್ಲ. ಮರುದಿನವೇ ನಾನೊಬ್ಬಳೇ ಅತ್ತೆಯನ್ನು ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಅಲ್ಲಿ ಬಾಗಿಲಲ್ಲೇ ನಿನ್ನನ್ನು ಕಂಡದ್ದು. ನೀನೇ ಗುರುತು ಹಿಡಿದೆ, ನಾನಾಗಿದ್ದರೆ ತಲೆ ತಗ್ಗಿಸಿ ಹೋಗಿಬಿಡುತ್ತಿದ್ದೆ.

ತಲೆಬುರುಡೆಗೆ ಎರಡು ತೂತು ಮಾಡಿ ಹಳೆಯ ಎಂಜಿನ್ ಆಯಿಲ್‌ನಂಥ ರಕ್ತ ತೆಗೆದರು. ವಯಸ್ಸಾದಂತೆ ಮೆದುಳು ಕುಗ್ಗಿ ಸುತ್ತ ಜಾಗವಾಗುತ್ತದೆ, ಸಣ್ಣ ರಕ್ತನಾಳ ಹರಿದರೆ ಆ ಜಾಗದಲ್ಲಿ ವಾರಗಟ್ಟಲೆ ಜಿನುಗಿ ಸೇರುತ್ತದೆ, ತೆಗೆದ ಮೇಲೂ ಕೆಲವರಿಗೆ ಮತ್ತೆ ಸೇರುತ್ತದೆ ಎಂದು ನೀನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಮೂರನೇ ದಿನ ಅತ್ತೆ ಎದ್ದು ಕೂತು, "ನಮ್ ತೋಟದಾಗೆ ಸಾವಿರದಿನ್ನೂರು ಅಡಿ ಕೊರೆಸಿದ್ರೂ ಒಂದು ತೊಟ್ಟು ಬೀಳ್ಲಿಲ್ಲ, ನನ್ ತಲೇಲಿ ಒಂದು ಅಂಗುಲಕ್ಕೇ ಬಿತ್ತು ನೋಡಮ್ಮಾ" ಎಂದಾಗ ವಾರ್ಡಿನವರೆಲ್ಲ ನಕ್ಕರು. ನಾನು ಮಾತ್ರ ಅತ್ತುಬಿಟ್ಟೆ.

ಆಮೇಲೆ ಹತ್ತು ದಿನಕ್ಕೆ ಶೆಡ್ಡಿನಲ್ಲಿ ನೂಲು ಬಿಚ್ಚುತ್ತಿದ್ದಾಗ, ಪಾಷಾ ಅವರ ಕೈಯಿಂದ ಬೀಗದ ಕೈ ಬಿದ್ದದ್ದನ್ನು ನೋಡಿದೆ. ಬಗ್ಗಿ ಎತ್ತಲು ಹೋದರೆ ಬೆರಳು ಹಿಡಿಯಲಿಲ್ಲ. ನನಗೆ ಅತ್ತೆಯ ಚಪ್ಪಲಿ ನೆನಪಾಯಿತು. ಯಜಮಾನರಿಗೆ ಹೇಗೆ ಹೇಳುವುದು ಎಂದು ಸಂಕೋಚಪಟ್ಟು, ಅವರ ಮಗಳು ಬುಷ್ರಾಗೆ ಹೇಳಿದೆ. ಅವರನ್ನು ನಿಮ್ಮಲ್ಲಿಗೆ ಕರೆತಂದದ್ದೂ ಹಾಗೆಯೇ. ಅವರ ಮನೆಯಾಕೆ ಬಿಸ್ಮಿಲ್ಲಾ ಬೀ ಈಗಲೂ ಯಾರು ಬಂದರೂ ನನ್ನನ್ನು ತೋರಿಸಿ, "ಈ ಹುಡ್ಗಿ ಹೇಳ್ಲಿಲ್ಲ ಅಂದಿದ್ರೆ ನಮ್ಮೆಜಮಾನ್ರು ಎಲ್ಲಿರ್ತಿದ್ರು" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗಬೇಕೆನಿಸುತ್ತದೆ.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಮತ್ತೆ ರಕ್ತ ಸೇರದ ಹಾಗೆ ಒಂದು ಮದ್ದು ತಡೆಯುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೀರಿ. ಹನ್ನೆರಡು ವಾರ, ಬೆಳಿಗ್ಗೆ ಒಂದು ಸಂಜೆ ಒಂದು. ಅರ್ಧ ಜನರ ಡಬ್ಬಿಯಲ್ಲಿ ಮದ್ದು, ಇನ್ನರ್ಧ ಜನರ ಡಬ್ಬಿಯಲ್ಲಿ ಮದ್ದಿಲ್ಲದ ಮಾತ್ರೆ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚುತ್ತದೆ, ಯಾರದು ಯಾವುದು ಎಂದು ನಿನಗೂ ಗೊತ್ತಿಲ್ಲ ಡಾಕ್ಟರಿಗೂ ಗೊತ್ತಿಲ್ಲ ಎಂದೆ. ಎಲ್ಲ ಕೇಳಿಸಿಕೊಂಡು, ಒಪ್ಪಿಗೆ ಎಂದು ನಾನೇ ಸಹಿ ಹಾಕಿದೆ. ನಮ್ಮ ಡಬ್ಬಿ ನಲವತ್ತೊಂದನೇ ನಂಬರು, ಅವರದು ನಲವತ್ತೇಳು.

ಮನೆಗೆ ಬಂದ ಮೇಲೆ ಆ ಮದ್ದಿಲ್ಲದ ಮಾತ್ರೆ ಎಂಬುದು ತಲೆಯಲ್ಲಿ ಹುಳು ಬಿಟ್ಟಂತಾಯಿತು. ಹದಿನೈದು ದಿನವಾದರೂ ಅತ್ತೆಯ ಎಡಗಾಲು ಎಳೆಯುತ್ತಲೇ ಇತ್ತು. ನಮ್ಮದೇ ಖಾಲಿ ಡಬ್ಬಿ ಇರಬೇಕೆಂದು ಕೂತರೂ ನಿಂತರೂ ಅದೇ ಯೋಚನೆ. ಪಾಷಾ ಅವರ ಡಬ್ಬಿ ಬಂದಾಗ ಪುಸ್ತಕ ತುಂಬುವುದು ಹೇಗೆಂದು ಹೇಳಿಕೊಡಲು ಬುಷ್ರಾ ನನ್ನನ್ನು ಕರೆದಳು. ಅವಳು ಹತ್ತನೇ ತರಗತಿ ಓದಿದವಳು, ಆದರೂ ನನ್ನನ್ನು ಕೇಳಿದಳು. ಆವತ್ತೇ ನಾನು ಹೇಳಿದ್ದು, ಇಬ್ಬರದೂ ಹಂಚಿಕೊಳ್ಳೋಣ ಎಂದು. ಬೆಳಿಗ್ಗೆ ಅವರವರ ಡಬ್ಬಿಯದು, ಸಂಜೆ ಇನ್ನೊಬ್ಬರ ಡಬ್ಬಿಯದು. ಒಂದು ಖಾಲಿಯಾದರೂ ಇಬ್ಬರಿಗೂ ಅರ್ಧರ್ಧ ಮದ್ದು ಸಿಗುತ್ತದೆ. ನಮ್ಮಲ್ಲಿ ಹುಳುವಿಗೆ ಸೊಪ್ಪು ಸಾಲದಾದಾಗ ಅವರು ತಂದುಕೊಟ್ಟಿಲ್ಲವೇ, ಅವರ ಶೆಡ್ಡಿನಲ್ಲಿ ಕೈ ಸಾಲದಾದಾಗ ನಾವು ಹೋಗಿಲ್ಲವೇ, ಹಾಗೆಯೇ ಎಂದೆ. ಬುಷ್ರಾ ನನ್ನ ಕೈ ಹಿಡಿದುಕೊಂಡು, "ನೀನು ನನ್ ಸ್ವಂತ ಅಕ್ಕನ ಥರ ಕಣೇ" ಎಂದಳು.

ಅಂದಿನಿಂದ ದಿನಾ ಸಂಜೆ ನಾವಿಬ್ಬರೂ ಎರಡು ಮನೆಗಳ ನಡುವಿನ ಗೋಡೆಯ ಹತ್ತಿರ ಬಂದು ಒಂದೊಂದು ಮಾತ್ರೆ ಬದಲಾಯಿಸಿಕೊಂಡೆವು. ಅತ್ತೆಗೂ ಪಾಷಾ ಅವರಿಗೂ ಇದು ಗೊತ್ತಿಲ್ಲ. ನೀನು ಬಂದು ಎಣಿಸಿದಾಗ ಎರಡೂ ಡಬ್ಬಿಯಲ್ಲಿ ಮಾತ್ರೆ ಸರಿಯಾಗಿ ಉಳಿದಿದ್ದವು. ಉಳಿಯದೆ ಏನು, ಒಂದಕ್ಕೆ ಒಂದು ಬದಲಾಗಿವೆಯಲ್ಲ. ಆಮೇಲೆ ಅತ್ತೆಯನ್ನು ತೋರಿಸಲು ಆಸ್ಪತ್ರೆಗೆ ಬಂದಾಗ ನೀನು ನನ್ನ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ, ಎಲ್ಲರ ಪುಸ್ತಕಕ್ಕಿಂತ ಇದೇ ಅಚ್ಚುಕಟ್ಟು ಎಂದೆ. ನನ್ನನ್ನು ಯಾರಾದರೂ ಬರವಣಿಗೆಗೆ ಹೊಗಳಿದ್ದು ಅದೇ ಮೊದಲು, ಕವಿತ. ಆವತ್ತೇ ಹೇಳಿಬಿಡಬೇಕೆಂದು ಬಂದಿದ್ದೆ. ಹೊಗಳಿದ ಮೇಲೆ ಪುಸ್ತಕ ಎತ್ತಿಕೊಂಡು ವಾಪಸ್ ಬಂದುಬಿಟ್ಟೆ.

ಅತ್ತೆಯ ಕಾಲು ಸರಿಹೋಯಿತು. ಈಗ ಹಿಪ್ಪುನೇರಳೆ ತೋಟದ ತನಕ ಒಬ್ಬರೇ ನಡೆದು ಬರುತ್ತಾರೆ. ಪಾಷಾ ಅವರಿಗೆ ಸೋಮವಾರ ಬೆಳಿಗ್ಗೆ ಚಹಾದ ಲೋಟ ಕೈಯಿಂದ ಜಾರಿತು, ಮಾತು ತೊದಲಿತು. ಲೋಟ ಬಿದ್ದ ಸದ್ದು ಗೋಡೆಯಾಚೆ ನನಗೆ ಕೇಳಿಸಿತು. ಏನಾಯಿತೆಂದು ಯಾರೂ ಹೇಳುವ ಮೊದಲೇ ನಾನು ಅವರ ಬಾಗಿಲಲ್ಲಿದ್ದೆ.

ಅವರ ಡಬ್ಬಿಯಲ್ಲೇ ಮದ್ದು ಇದ್ದಿದ್ದರೆ, ಅದರಲ್ಲಿ ಅರ್ಧ ನಮ್ಮ ಅತ್ತೆಯ ಹೊಟ್ಟೆ ಸೇರಿದೆ. ಪೂರ್ತಿ ಅವರಿಗೇ ಕೊಟ್ಟಿದ್ದರೆ ರಕ್ತ ಸೇರುತ್ತಿರಲಿಲ್ಲವೋ ಏನೋ. ಇಲ್ಲ, ಸೇರುತ್ತಿತ್ತೋ. ಇದನ್ನು ಯಾರು ಹೇಳುತ್ತಾರೆ? ತುರ್ತಾದರೆ ನಂಬರು ಒಡೆದು ನೋಡುವ ದಾರಿ ಇದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಡಾಕ್ಟರಿಗೆ ಹೇಳಿ ನೋಡಿಸು. ನಲವತ್ತೇಳು ಒಂದನ್ನೇ ನೋಡಿದರೆ ಸಾಲದು, ನಲವತ್ತೊಂದನ್ನೂ ನೋಡಬೇಕು, ಏಕೆಂದರೆ ಅವರು ಎರಡರದನ್ನೂ ನುಂಗಿದ್ದಾರೆ. ನಿಮ್ಮ ಲೆಕ್ಕದಲ್ಲಿ ನಮ್ಮ ಇಬ್ಬರನ್ನೂ ಸೇರಿಸಬೇಡಿ. ಅತ್ತೆ ವಾಸಿಯಾದದ್ದನ್ನು ನಮ್ಮ ಡಬ್ಬಿಗೆ, ಪಾಷಾ ಅವರಿಗೆ ಮರುಕಳಿಸಿದ್ದನ್ನು ಅವರ ಡಬ್ಬಿಗೆ ಬರೆದರೆ, ನಾಳೆ ಇನ್ನಾರದೋ ತಲೆಗೆ ತಪ್ಪು ಮದ್ದು ಹೋಗುತ್ತದಲ್ಲ.

ಸೋಮವಾರ ಬುಷ್ರಾ, "ಹೇಳ್ಬೇಡ ಕಣೇ, ನಮ್ಮಿಬ್ರನ್ನೂ ಆಸ್ಪತ್ರೆಯಿಂದ್ಲೇ ಕಳಿಸ್ಬಿಡ್ತಾರೆ" ಎಂದು ಅತ್ತಿದ್ದಳು. ನಿನ್ನೆ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದವಳು ತಾನೇ ನನ್ನ ಹತ್ತಿರ ಬಂದಳು. "ಹೇಳ್ಬಿಡಣ. ಹಂಚ್ಕೊಳ್ಳಣ ಅಂದಿದ್ದು ನಾನೇ ಅಂತ ಬರೀ. ಮಗಳಲ್ವಾ, ಅಬ್ಬಾ ಮೇಲಿನ ಆಸೆಗೆ ಮಾಡಿದ್ಳು ಅಂತ ಡಾಕ್ಟ್ರು ಸುಮ್ನಾಗ್ತಾರೆ. ನೀನು ಮೊದ್ಲೇ ಹೆದ್ರುಪುಕ್ಲಿ" ಎಂದಳು. ಅವಳು ಹೇಳಿದಂತೆ ಬರೆಯಲು ಆಗಲಿಲ್ಲ. ಹೇಳಿದವಳು ನಾನು.

ಪುಸ್ತಕವನ್ನೂ ಎರಡು ಡಬ್ಬಿಗಳನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಪುಸ್ತಕದಲ್ಲಿ ಸುಳ್ಳಾದ ದಿನಗಳಿಗೆಲ್ಲ ಪಕ್ಕದಲ್ಲಿ ಗೀಟು ಹಾಕಿದ್ದೇನೆ. ಈಗ ಅದು ಅಚ್ಚುಕಟ್ಟಾಗಿಲ್ಲ. ಅತ್ತೆಯನ್ನು ಪರೀಕ್ಷೆಯಿಂದ ತೆಗೆದರೂ ಪರವಾಗಿಲ್ಲ, ನೋಡುವುದನ್ನು ಮಾತ್ರ ಬಿಡಬೇಡಿ ಎಂದು ಡಾಕ್ಟರಿಗೆ ಹೇಳು. ನನ್ನನ್ನು ಬೈಯುವುದಿದ್ದರೆ ಶನಿವಾರ ಫೋನಿನಲ್ಲೇ ಬೈ. ರೆಕಾರ್ಡ್ ಆದರೆ ಆಗಲಿ.

ನಿನ್ನ ಪಕ್ಕದಲ್ಲಿ ಕೂತಿದ್ದ,
ಹರಿತಾ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಪುಸ್ತಕ ಹೇಳಿಕೊಡಲು ಹೋದ ದಿನ ಬುಷ್ರಾ ಚಹಾ ತರಲು ಒಳಗೆ ಹೋಗಿದ್ದಳು. ನಲವತ್ತೇಳರಿಂದ ಒಂದು ಮಾತ್ರೆ ತೆಗೆದು ನಾಲಿಗೆಗೆ ಇಟ್ಟು ನೋಡಿದೆ. ಕಹಿಯಾಗಿತ್ತು. ನಮ್ಮದನ್ನು ಮನೆಯಲ್ಲಿ ಮೊದಲೇ ನೋಡಿದ್ದೆ, ಅದು ಸೀಮೆಸುಣ್ಣದ ಹಾಗೆ ಸಪ್ಪೆ. ವೇಲಿನಲ್ಲಿ ಒರೆಸಿ ಮಾತ್ರೆಯನ್ನು ಮತ್ತೆ ಡಬ್ಬಿಗೆ ಹಾಕಿದೆ. ಅವಳು ಚಹಾ ತಂದಳು. ಹಂಚಿಕೊಳ್ಳೋಣ ಎಂದು ನಾನು ಹೇಳಿದ್ದು ಆಮೇಲೆ. ಕಹಿಯಿದ್ದದ್ದೇ ಮದ್ದೋ ಅಲ್ಲವೋ ನನಗೆ ಗೊತ್ತಿಲ್ಲ, ಆದರೆ ಆವತ್ತು ಹಾಗೆಂದೇ ನಂಬಿದ್ದೆ. ಈ ಪತ್ರವನ್ನು ನಿನಗೆ ತಂದುಕೊಡುತ್ತಿರುವವಳು ಬುಷ್ರಾನೇ, ಒಂಬತ್ತು ಗಂಟೆಯ ಬಸ್ಸಿಗೆ ಹೊರಟಿದ್ದಾಳೆ. ಬೆಳಿಗ್ಗೆ ಕವರಿನ ಬಾಯಿಗೆ ಅನ್ನದ ಅಗುಳು ಹಚ್ಚಿ ಒತ್ತಿದ್ದೆ. ಅಂಟುವ ಮೊದಲೇ ಬಿಡಿಸಿ, ಅಗುಳನ್ನು ಒರೆಸಿ ತೆಗೆದು, ಹಾಗೆಯೇ ಅವಳ ಕೈಗೆ ಕೊಡುತ್ತಿದ್ದೇನೆ, ದಾರಿಯಲ್ಲಿ ಓದಿದರೆ ಓದಲಿ.