ಹನ್ನೊಂದು ಕ್ಲಬ್ಬುಗಳ ಈರೇಶ

ತಡವಳ, ತಾ. ಅಕ್ಕಲಕೋಟ
೧೮ ಮಾರ್ಚ್ ೨೦೨೪

ಪ್ರೀತಿಯ ಛಾಯಾಗೆ,

ನಿನ್ನ ಬೀರವ್ವ ಮಾಡುವ ನಮಸ್ಕಾರ. ನಾವೆಲ್ಲ ಇಲ್ಲಿ ಇದ್ದೇವೆ. ‘ಕ್ಷೇಮ’ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಇಷ್ಟೇ ಬರೆದೆ. ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಅದರೊಳಗೆ ನೀನು ಪೇಪರಿನ ತುಣುಕು ಕತ್ತರಿಸಿ ಇಟ್ಟಿದ್ದೆ: ‘ಮೂವತ್ತೇಳು ವರ್ಷಗಳ ಮೇಲೆ ತಾಯಿಯ ಮಡಿಲಿಗೆ ಬೆಲ್ಜಿಯಂ ಫುಟ್‌ಬಾಲ್ ಆಟಗಾರ’. ಅಂಚಿನಲ್ಲಿ ‘ಪೇಡೆ ಯಾವಾಗ?’ ಎಂದು ಗೀಚಿದ್ದೆ. ಉತ್ತರ ಬರಲಿಲ್ಲವೆಂದು ಬೈದುಕೊಂಡಿರುತ್ತೀ. ಬೈದುಕೋ. ನಿನ್ನ ಕಿವಿ ಮಂದವಾದ ಮೇಲೆ ಫೋನಿನಲ್ಲಿ ಒದರಿ ಹೇಳಬೇಕು. ಇದು ಒದರಿ ಹೇಳುವ ಮಾತಲ್ಲ. ಹದಿನೆಂಟು ವರ್ಷ ಒಂದೇ ಶಾಲೆಯಲ್ಲಿ, ಒಂದೇ ಡಬ್ಬಿಯಲ್ಲಿ ಉಂಡು, ಪಾಠ ಹೇಳಿದವರು ನಾವು. ನಿನಗಲ್ಲದೆ ಇದನ್ನು ಯಾರಿಗೆ ಬರೆಯಲಿ?

ನನಗಿನ್ನೊಬ್ಬ ತಮ್ಮ ಹುಟ್ಟಿದ್ದ, ಅವನನ್ನು ಪರದೇಶಕ್ಕೆ ಕೊಟ್ಟರು ಎಂಬಷ್ಟು ನಿನಗೆ ಗೊತ್ತಿತ್ತು. ೧೯೮೬ರ ದೀಪಾವಳಿ ಮುಗಿದ ಮೇಲೆ ಅವ್ವ ಹಡೆದಳು. ಅಪ್ಪ ಕುರಿ ಹೊಡೆದುಕೊಂಡು ಭೀಮಾ ದಂಡೆಗುಂಟ ಹೋಗಿದ್ದ. ಅವ್ವನಿಗೆ ಜ್ವರ ಏರಿ ಎಚ್ಚರ ತಪ್ಪಿತು, ಎದೆಯಲ್ಲಿ ಹಾಲಿಲ್ಲ. ಹತ್ತು ದಿನದ ಕೂಸನ್ನು ಸೋದರಮಾವ ಶಂಕರೆಪ್ಪ ಮತ್ತು ಹನ್ನೊಂದು ವರ್ಷದ ನಾನು ಎಸ್‌ಟಿ ಬಸ್ಸಿನಲ್ಲಿ ಸೋಲಾಪುರದ ಒಂದು ಶಿಶುಗೃಹಕ್ಕೆ ಒಯ್ದೆವು, ಅವ್ವ ಚೇತರಿಸಿಕೊಳ್ಳುವವರೆಗೆ ಅಲ್ಲಿಡುವುದೆಂದು. ಅವ್ವ ಏಳಲು ನಾಲ್ಕು ತಿಂಗಳು ಹಿಡಿಯಿತು. ಕೇಳಿದಾಗಲೆಲ್ಲ ಮಾವ, ‘ಕೂಸು ಅಲ್ಲಿ ಆರಾಮ ಐತಿ’ ಎನ್ನುತ್ತಿದ್ದ. ಮಳೆಗಾಲಕ್ಕೆ ಕುರಿಯೊಂದಿಗೆ ತಿರುಗಿ ಬಂದ ಅಪ್ಪ ಸೋಲಾಪುರಕ್ಕೆ ಹೋದರೆ ಅಲ್ಲಿಯವರು ಫೈಲು ತೆರೆದು, ನಿಮ್ಮವರೇ ಹೆಬ್ಬೆಟ್ಟು ಒತ್ತಿದ್ದಾರೆ, ಕೂಸು ಬೆಲ್ಜಿಯಮ್ಮಿಗೆ ಹೋಯಿತು ಎಂದರಂತೆ. ಅಪ್ಪ ಆ ಹೆಸರು ಮರೆಯಬಾರದೆಂದು ಬಸ್ಸಿನುದ್ದಕ್ಕೂ ಬಾಯಲ್ಲೇ ಹೇಳಿಕೊಳ್ಳುತ್ತ ಬಂದ. ಮನೆ ಮುಟ್ಟುವಷ್ಟರಲ್ಲಿ ಅದು ‘ಬೆಳಜೀವ’ ಆಗಿತ್ತು. ಇದು ಊರಿಗೆಲ್ಲ ಗೊತ್ತಿರುವ ಕಥೆ.

ಕಳೆದ ನವೆಂಬರಿನಲ್ಲಿ ಅವನು ಬಂದ. ಹೆಸರು ಯೋರಿಸ್, ನಮ್ಮವರ ಬಾಯಲ್ಲಿ ಮೊದಲ ದಿನವೇ ಈರೇಶ ಆದ. ಅಕ್ಕಲಕೋಟದಿಂದ ಬಾಡಿಗೆ ಕಾರು ಮಾಡಿಕೊಂಡು, ಅದೇ ಹಳೆಯ ಫೈಲಿನ ಪ್ರತಿ ಹಿಡಿದುಕೊಂಡು ಬಂದಿದ್ದ. ಅದರಲ್ಲಿ ತಡವಳ ಎಂದಿತ್ತು, ಮಾವನ ಹೆಸರಿತ್ತು, ಹೆಬ್ಬೆಟ್ಟಿತ್ತು. ಬೆಲ್ಜಿಯಮ್ಮಿನಲ್ಲಿ ಸಾಕಿದವರು ಅಂಚೆ ಇಲಾಖೆಯಲ್ಲಿದ್ದರಂತೆ, ಇಬ್ಬರೂ ತೀರಿಕೊಂಡ ಮೇಲೆ ಅವನಿಗೆ ಆ ಕಾಗದ ಸಿಕ್ಕಿತಂತೆ. ಅವ್ವ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ‘ನಮ್ಮಪ್ಪನ ಕಣ್ಣ ನೋಡ್ರಿ ಇವು’ ಎಂದಳು. ಆಮೇಲೆ ಯಾರು ಏನು ಕೇಳುವುದಿತ್ತು? ಬೀರೋಬಾನ ಗುಡಿಗೆ ಕರೆದೊಯ್ದು ಹಣೆಗೆ ಭಂಡಾರ ಬಳಿದಳು. ಆ ಹಳದಿ ಹಣೆಯ ಫೋಟೋವನ್ನೇ ನೀನು ಪೇಪರಿನಲ್ಲಿ ನೋಡಿದ್ದು.

ನಮ್ಮ ಮನೆಯಲ್ಲೇ ಉಳಿದ. ತಮ್ಮ ಸಿದ್ದಣ್ಣನ ಮಗಳು ಪ್ರಣಿತಾ ಸೋಲಾಪುರದಲ್ಲಿ ಫಾರ್ಮಸಿ ಓದುತ್ತಾಳಲ್ಲ, ರಜೆ ಹಾಕಿ ಬಂದು ಕೂತಳು. ಅವನ ಇಂಗ್ಲಿಷು ಅವಳ ಬಾಯಿಂದ ನಮಗೆ ಕನ್ನಡವಾಗಿ ಬರುತ್ತಿತ್ತು. ಅವನಿಗೆ ಎರಡೂ ಮೊಣಕಾಲು ನೋವು. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಅವ್ವ ದಿನಾ ಬೆಳಿಗ್ಗೆ ಕುಸುಬಿ ಎಣ್ಣೆ ಬಿಸಿ ಮಾಡಿ ಅವನ ಕಾಲು ತಿಕ್ಕುತ್ತಿದ್ದಳು. ತಿಕ್ಕುತ್ತ ಒಂದೊಂದು ಗಾಯದ ಕಲೆ ಮುಟ್ಟಿ, ‘ಇದ ಯಾವೂರಿಂದು?’ ಎಂದು ಕೇಳುವಳು. ಹಾಗೆ ಅವನ ಹತ್ತೊಂಬತ್ತು ವರ್ಷದ ಆಟ ನಮಗೆ ತಿಳಿಯಿತು.

ಹದಿನೇಳಕ್ಕೆ ಬ್ರೂಜ್ ಕಡೆಯ ಒಂದು ಕ್ಲಬ್ಬು ಅವನನ್ನು ತೆಗೆದುಕೊಂಡಿತು. ಎಡಗಾಲಿನ ಆಟಗಾರ, ಮೈದಾನದ ಎಡ ಅಂಚಿನಲ್ಲಿ ಓಡುವವನು. ಎರಡು ವರ್ಷ ಬೆಂಚಿನ ಮೇಲೆ ಕೂರಿಸಿ ಆಮೇಲೆ ಬೇರೆ ಕ್ಲಬ್ಬಿಗೆ ಒಂದು ವರ್ಷದ ಮಟ್ಟಿಗೆ ಕೊಟ್ಟರು. ಅವ್ವನ ಕೈ ನಿಂತಿತು.

‘ಮನಷ್ಯಾನ್ನೂ ಕಡಾ ಕೊಡತಾರೇನ?’

ಪ್ರಣಿತಾ ಅದನ್ನು ಹೇಳಿದಾಗ ಅವನು ನಕ್ಕು ಐದೂ ಬೆರಳು ತೋರಿಸಿದ. ಐದು ಸಲ ಹಾಗೆ ಕೊಟ್ಟಿದ್ದರಂತೆ.

ಎಡ ಮೊಣಕಾಲಿನ ಉದ್ದ ಹೊಲಿಗೆ ಹಾಲೆಂಡಿನದು. ಹುಬ್ಬಿನದು ಗ್ರೀಸಿನದು, ಅಲ್ಲಿ ಅವನದೇ ತಂಡದವನು ಮೊಣಕೈಯಿಂದ ಹೊಡೆದಿದ್ದ. ಸೈಪ್ರಸ್ಸಿನಲ್ಲಿ ಹಿಮ್ಮಡಿಯ ನರ ಹರಿಯಿತು. ಅಝರ್‌ಬೈಜಾನಿನಲ್ಲಿ ಚಳಿಗೆ ಕಾಲ್ಬೆರಳಿನ ಉಗುರುಗಳು ಉದುರಿದವು, ಒಂದು ಮತ್ತೆ ಬರಲೇ ಇಲ್ಲ. ಅಲ್ಲಿಂದ ಥಾಯ್ಲೆಂಡ್, ಕೊನೆಗೆ ಗೋವೆಯ ಒಂದು ಕ್ಲಬ್ಬು. ಒಟ್ಟು ಹನ್ನೊಂದು. ದೇಶದ ತಂಡಕ್ಕೆ ಒಮ್ಮೆ ಕರೆ ಬಂದಿತ್ತು, ಇಪ್ಪತ್ತೊಂದು ವರ್ಷದೊಳಗಿನವರ ತಂಡಕ್ಕೆ. ಅಲ್ಲಿಯೂ ಬೆಂಚಿನ ಮೇಲೆ ಕೂತು ತಿರುಗಿ ಬಂದ.

‘ಒಂದ ಕಡೆ ನೆಲಿ ನಿಲ್ಲಲಿಲ್ಲೇನೋ ಮಗನ?’ ಎಂದಳು ಅವ್ವ.

ಅವನು ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದ. ಪ್ರಣಿತಾ ತಲೆ ತಗ್ಗಿಸಿ ಹೇಳಿದಳು: ‘ಆಜಿ, ಅಂವಾ ಹೇಳಾಕತ್ತಾನ, ಮೊದಲನೇ ಕ್ಲಬ್ಬಿನಾಗ ಒಂದು ಪೆನಾಲ್ಟಿ ತಪ್ಪಿತಂತ. ಬರೇ ಕೀಪರ್ ಒಬ್ಬ ಎದುರಿಗಿರತಾನ, ಹೊಡೀಬೇಕು, ಆದ್ರ ಚೆಂಡು ಹೊರಗ ಹೋತು. ಆಗ ನೋಡೋ ಮಂದಿ, ನಿನ್ನ ದೇಶಕ್ಕ ಹೋಗೋ ಅಂತ ಒದರಿದರಂತ. ಗೋವಾದಾಗೂ ಒಂದು ಪೆನಾಲ್ಟಿ ತಪ್ಪಿತು. ಅಲ್ಲೂ ಮಂದಿ ಅದನ್ನಽ ಒದರಿದರಂತ, ನಿನ್ನ ದೇಶಕ್ಕ ಹೋಗೋ ಅಂತ.’

ಅವ್ವ ಎಣ್ಣೆ ಕೈಯಿಂದಲೇ ಅವನ ತಲೆ ಎಳೆದು ಎದೆಗೆ ಒತ್ತಿಕೊಂಡಳು. ‘ಹೋಗಲಿ ಬಿಡು. ಈಗ ಬಂದೀಯಲ್ಲ’ ಎಂದಳು. ಹಡೆದು ಬೆಳೆಸಿದ ಮಕ್ಕಳು ನಾವಿಬ್ಬರು ಎದುರಿಗಿದ್ದೆವು. ನಮ್ಮನ್ನು ಹಾಗೆ ಎಂದೂ ಎಳೆದುಕೊಂಡವಳಲ್ಲ. ನನಗೆ ಹೊಟ್ಟೆ ಉರಿಯಿತು ಛಾಯಾ, ಸುಳ್ಳು ಹೇಳುವುದಿಲ್ಲ.

ಸಿದ್ದಣ್ಣನಿಗೆ ಬೇರೆ ಉರಿ. ‘ಹೊಲದಾಗ ಪಾಲು ಕೇಳಾಕ ಬಂದಾನ, ನೀ ನೋಡಕ್ಕಾ’ ಎಂದು ಬಾವಿಯ ಹತ್ತಿರ ಕರೆದು ಹೇಳಿದ. ಇರುವುದು ಐದೆಕರೆ ಒಣಬೇಸಾಯ. ಪಾಪ, ಆ ಮನುಷ್ಯ ಹೊಲ ಎಲ್ಲಿದೆ ಎಂದೂ ಕೇಳಿರಲಿಲ್ಲ. ಸಿದ್ದಣ್ಣ ಹಟ ಹಿಡಿದು, ಡಿಎನ್‌ಎ ಪರೀಕ್ಷೆ ಆಗಲಿ ಎಂದ. ಈರೇಶ ಬೇಸರ ಮಾಡಿಕೊಳ್ಳಲಿಲ್ಲ. ತನ್ನಂತೆ ದತ್ತು ಹೋದವರೆಲ್ಲ ಮಾಡಿಸುತ್ತಾರೆ, ಒಳ್ಳೆಯದೇ ಆಯಿತು ಎಂದ. ಅವ್ವನ ಬಾಯೊಳಗೆ ಹತ್ತಿಯ ಕಡ್ಡಿ ಆಡಿಸಿದವಳು ನಾನೇ. ‘ಇದ್ಯಾತಕ್ಕವಾ?’ ಎಂದಳು. ‘ಅವನ ಕಾಗದಪತ್ರಕ್ಕ ಬೇಕಂತ’ ಎಂದೆ.

ಸಂಕ್ರಾಂತಿಯ ಮರುದಿನ ವರದಿ ಅವನ ಫೋನಿಗೆ ಬಂತು. ಅಂಗಳದಲ್ಲಿ ಓದಿದ. ಓದಿ ಫೋನನ್ನು ಪ್ರಣಿತಾಳ ಕೈಗೆ ಕೊಟ್ಟು, ಹಿತ್ತಲಿಗೆ ಹೋಗಿ ಕುರಿಗಳ ನಡುವೆ ನಿಂತುಬಿಟ್ಟ. ರಕ್ತ ಸಂಬಂಧವೇ ಇಲ್ಲ ಎಂದು ಬಂದಿತ್ತು. ಅಂದರೆ ಫೈಲು ನಮ್ಮದು, ಮನುಷ್ಯ ನಮ್ಮವನಲ್ಲ.

ಅವ್ವನಿಗೆ ಮೆಲ್ಲಗೆ ಹೇಳೋಣ ಎಂದು ನಾನು ಅನ್ನುತ್ತಿದ್ದಂತೆಯೇ ಸಿದ್ದಣ್ಣ ಹೊಸ್ತಿಲ ಮೇಲೆ ನಿಂತು, ‘ಅಂವ ನಿನ್ನ ಮಗ ಅಲ್ಲ ಯವ್ವಾ! ಮೋಸಹೋದಿ ನೀ!’ ಎಂದು ಕೂಗಿಯೇಬಿಟ್ಟ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

‘ಹಂಗಾರ ನನ್ನ ಮಗ ಎಲ್ಲದಾನ?’

ನಾನು ಆ ಮೊರ ಎತ್ತಿಕೊಂಡು ಉಳಿದ ಜೋಳ ಹಸನು ಮಾಡತೊಡಗಿದೆ.

ಅವನು ಸೋಲಾಪುರಕ್ಕೆ ಹೋಗಿ ಮೂರು ದಿನ ತಿರುಗಿದ. ಶಿಶುಗೃಹ ಮುಚ್ಚಿ ಎಷ್ಟೋ ವರ್ಷವಾಗಿದೆ; ಆ ಜಾಗದಲ್ಲಿ ಈಗ ಟವೆಲ್ ಅಂಗಡಿಗಳ ಸಾಲು. ಆಗಿನವರು ಯಾರೂ ಉಳಿದಿಲ್ಲ. ತಿರುಗಿ ಬಂದು ಚೀಲ ಕಟ್ಟಿದ. ಹೊರಡುವಾಗ ಅವ್ವನ ಮುಂದೆ ಗೋಡೆ ಹಿಡಿದು ಬಗ್ಗಿ ಪಾದ ಮುಟ್ಟಲು ಹೋದ. ನಾವೇ ಕಲಿಸಿದ್ದೆವಲ್ಲ. ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. ಸೀರೆಯ ಅಂಚು ಪಾದದ ಮೇಲೆ ಎಳೆದು, ಮುಖ ಗೋಡೆಗೆ ತಿರುಗಿಸಿ ಕೂತಳು. ಎರಡು ತಿಂಗಳು ಅದೇ ಕೈಯಿಂದ ಅವನ ಮೊಣಕಾಲು ತಿಕ್ಕಿದ್ದಳು! ಅವನ ಕೈ ನೆಲದ ಮೇಲೆಯೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ನೆಲವನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಎದ್ದ. ಕಾರಿನವರೆಗೆ ನಾನೊಬ್ಬಳೇ ಹೋದೆ. ‘ಅಕ್ಕಾ’ ಎಂದ, ಅಷ್ಟೇ. ನಾನು ಅದಕ್ಕೂ ಓಗೊಡಲಿಲ್ಲ.

ಪೇಪರಿನವರಿಗೆ ಇದನ್ನು ಯಾರೂ ತಿಳಿಸಿಲ್ಲ. ಪೇಪರಿನಲ್ಲಿ ಬಂದ ಮೇಲೆ ಅಕ್ಕಲಕೋಟದವರು ಸತ್ಕಾರ ಮಾಡಿ ಅವನಿಗೆ ಹೊದಿಸಿದ ಶಾಲನ್ನು ಅವನು ಇಲ್ಲೇ ಬಿಟ್ಟು ಹೋದ. ಸಿದ್ದಣ್ಣ ಹೊದ್ದುಕೊಂಡು ತಿರುಗುತ್ತಾನೆ. ಊರಲ್ಲಿ ‘ಈರೇಶ ಯಾವಾಗ ಬರತಾನ?’ ಎಂದು ಕೇಳುವವರಿಗೆ, ‘ರಜಾ ಸಿಕ್ಕಿಲ್ಲಂತ’ ಎನ್ನುತ್ತೇನೆ. ಸುಳ್ಳು ಹೇಳಬಾರದು ಎಂದು ಮಕ್ಕಳಿಂದ ಬೋರ್ಡಿನ ಮೇಲೆ ಬರೆಸುವ ಬಾಯಿ ಇದು.

ನಿನಗೂ ಮಗಳಿಗೂ ಮೊಮ್ಮಕ್ಕಳಿಗೂ ಬೀರೋಬಾ ಒಳ್ಳೆಯದು ಮಾಡಲಿ. ವಿಜಯಪುರದ ಬಿಸಿಲಲ್ಲಿ ಹೊರಗೆ ಅಡ್ಡಾಡಬೇಡ, ಬಿಪಿ ಗುಳಿಗೆ ತಪ್ಪಿಸಬೇಡ. ನಿಮ್ಮ ಮನೆಯವರೆಲ್ಲ ಒಬ್ಬರಿಗೊಬ್ಬರು ಕಣ್ಣೆದುರೇ ಇರಲಿ ಎಂದು ಬೇಡಿಕೊಳ್ಳುತ್ತೇನೆ.

ನಿನ್ನ,
ಬೀರವ್ವ

ತಾ.ಕ.: ಪತ್ರ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಛಾಯಾ, ಊರಿಗೆ ಗೊತ್ತಿರುವ ಕಥೆ ಸುಳ್ಳು. ನಮ್ಮ ಕೂಸು ದಾರಿಯ ವಳಸಂಗ ಊರು ದಾಟುವ ಮೊದಲೇ, ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಸತ್ತುಹೋಗಿತ್ತು. ನಿದ್ದೆ ಹತ್ತಿದೆ ಎಂದುಕೊಂಡು ಸೋಲಾಪುರದವರೆಗೂ ನಾನು ತಟ್ಟುತ್ತಲೇ ಇದ್ದೆ. ಏನು ಮಾಡಬೇಕೆಂದು ತಿಳಿಯದೆ ಮಾವ ಹಾಗೆಯೇ ಶಿಶುಗೃಹಕ್ಕೆ ಒಯ್ದ. ಅಲ್ಲಿಯ ಉಸ್ತುವಾರಿ ಹೆಂಗಸು ಮಣ್ಣು ಮಾಡಲು ಆಳು ಕೊಟ್ಟಳು, ‘ಸರ್ಕಾರದ ಲೆಕ್ಕಕ್ಕೆ’ ಎಂದು ಒಂದು ಕಾಗದದ ಮೇಲೆ ಮಾವನ ಹೆಬ್ಬೆಟ್ಟು ಒತ್ತಿಸಿಕೊಂಡಳು. ‘ನಿಮ್ಮವ್ವ ಕೇಳಿದ್ರ ಸಾಯತಾಳ, ಅಲ್ಲೇ ಬಿಟ್ಟು ಬಂದ್ವಿ ಅನ್ನು’ ಎಂದ ಮಾವ. ಅಂದೆ. ಏಳು ತಿಂಗಳ ಮೇಲೆ ಅಪ್ಪ ಬಂದು ಬೆಳಜೀವಕ್ಕೆ ಹೋಗಿದೆ ಎಂದಾಗ, ಬದುಕಿತ್ತೇನೋ ಎಂದು ನಾನೇ ನಂಬಲು ನೋಡಿದೆ. ಮಾವನೂ ಹೋದ, ಅಪ್ಪನೂ ಹೋದ. ಈರೇಶ ಕಾರಿನಿಂದ ಇಳಿದಾಗ ಅವನು ನನ್ನ ತಮ್ಮನಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಡಲಿಲ್ಲ. ಅವ್ವ ಈಗಲೂ ದಿನಾ ಕೇಳುತ್ತಾಳೆ, ಮಗ ಎಲ್ಲಿದ್ದಾನೆಂದು; ಎಲ್ಲೋ ಇದ್ದಾನು ಎನ್ನುತ್ತೇನೆ.

ಮಾವ ಹೆಬ್ಬೆಟ್ಟು ಒತ್ತುವಾಗ ಆ ಪಡಸಾಲೆಯ ತೊಟ್ಟಿಲಲ್ಲಿ ಇನ್ನೊಂದು ಕೂಸು ಅಳುತ್ತಿತ್ತು. ಆ ಹೆಂಗಸು ಅದನ್ನು ಕಾಲಿನಿಂದ ತೂಗುತ್ತ, ‘ಇದರವ್ವ ನಿನ್ನೆ ಮಂಗಳವೇಢೆ ಬಸ್ಸಿಗೆ ಹೋದಳು’ ಎಂದು ಯಾರಿಗೋ ಹೇಳುತ್ತಿದ್ದಳು. ನಮ್ಮ ಕೂಸಿನ ಕಾಗದದ ಮೇಲೆ ಬೆಳಜೀವಕ್ಕೆ ಹೋದದ್ದು ಅದೇ ಇದ್ದೀತು. ಹದಿನೈದು ದಿನದ ಹಿಂದೆ ಈರೇಶ ಪ್ರಣಿತಾಳ ಫೋನಿಗೆ ಬರೆದಿದ್ದಾನೆ: ‘ಅಕ್ಕಾ, ಆ ದಿನ ಶಿಶುಗೃಹದ ಒಳಗೆ ಹೋದವರಲ್ಲಿ ಬದುಕಿರುವವರು ನೀವೊಬ್ಬರೇ. ಅಲ್ಲಿ ಬೇರೆ ಕೂಸು ಇತ್ತೇ? ಏನಾದರೂ ನೆನಪಿದೆಯೇ?’ ಹೇಳಬೇಕೆಂದರೆ ಪೂರಾ ಹೇಳಬೇಕು, ಅವ್ವನ ಎದುರಿಗೇ ಹೇಳಬೇಕು. ಪ್ರಣಿತಾ ಈಗಷ್ಟೇ ಮತ್ತೆ ಬಂದು ನಿಂತಳು, ಕೈಯಲ್ಲಿ ಫೋನು ಹಿಡಿದು. ‘ಅತ್ಯಾ, ಅಂವಗ ಏನಂತ ಬರೀಲಿ?’