ಉಸಿರುಗಾಲಿಗೆ ಕಟ್ಟಿದ ಸೋವಿಯತ್ ಹಾಡು

ಗಾಳಿಶಕ 61, ಆರನೆಯ ಬಿಸಿಲುತಿಂಗಳು, ದಿನ ನಲವತ್ತೊಂದು

ಪೂಜ್ಯ ಮುನಿವೆಂಕಟಪ್ಪ ತಾತನವರಿಗೆ, ನಿಮ್ಮ ವಂಶದ ಎಂಟನೆಯ ತಲೆಯ ಮೊಮ್ಮಗಳು ಮುನಿಲಕ್ಷ್ಮಮ್ಮ ಮಾಡುವ ನಮಸ್ಕಾರ.

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ನನ್ನ ಕೆಲವು ಮಾತುಗಳೂ ನಿಮಗೆ ಒರಟಾಗಿ, ಅಪರಿಚಿತವಾಗಿ ಕೇಳಬಹುದು. ಶಾಲೆಗೆ ಹೋದವಳಲ್ಲ, ಗೋಡೆಯ ಮೇಲಿನ ಹಳೆಯ ಬರಹ ನೋಡಿ ನೋಡಿ ಅಕ್ಷರ ಕಲಿತವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಗದ ನಿಮಗೆ ಹೇಗೆ ತಲುಪೀತು ಎಂಬುದೂ ನನಗೆ ತಿಳಿಯದು. ದಣಿದ ಮುದುಕಿಗೆ ಯಾರಿಗಾದರೂ ಹೇಳಿಕೊಳ್ಳಬೇಕಾಗಿದೆ, ಅಷ್ಟೆ.

ನಾವಿರುವುದು ನೀವು ಗುಮಾಸ್ತರಾಗಿದ್ದ ಅದೇ ಚಿನ್ನದ ಗಣಿಯಲ್ಲಿ. ಆದರೆ ಅದರ ಒಳಗೆ. ನೆಲದ ಮೇಲೆ ಹಗಲು ನಿಲ್ಲಲಾಗದ ಕಾಲ ಬಂದಾಗ ಜನ ಮೇಲಿನ ಎರಡು ಸುತ್ತಿನ ಸುರಂಗಗಳಿಗೆ ಇಳಿದರು. ಅದಕ್ಕೂ ಕೆಳಗೆಲ್ಲ ನೀರು ತುಂಬಿದೆ. ಸೂರ್ಯ ಮುಳುಗುವ ಹೊತ್ತಿಗೆ ಮೇಲೆ ಹೋಗಿ ರಾಗಿ, ಹುರುಳಿ ನೋಡಿಕೊಂಡು ಬರುತ್ತೇವೆ. ಉಳಿದ ಹೊತ್ತೆಲ್ಲ ಕಲ್ಲಿನ ಕೆಳಗೆ. ಇಲ್ಲಿ ಅನ್ನಕ್ಕಿಂತ ಮೊದಲು ಬೇಕಾದದ್ದು ಗಾಳಿ. ಅದಕ್ಕಾಗಿ ಉಸಿರುಗಾಲಿ ಇದೆ: ಗಾಣದಂತೆ ಸುತ್ತುವ ದೊಡ್ಡ ಮರದ ಚಕ್ರ, ಇಪ್ಪತ್ತನಾಲ್ಕು ಜನ ತೋಳಿಗೆ ತೋಳು ತಾಗಿಸಿ ತಳ್ಳಿದರೆ ಮೇಲಿನ ಗಾಳಿ ಒಳಗೆ ಬೀಳುತ್ತದೆ. ಹೆಂಗಸರು, ಗಂಡಸರು, ಎಪ್ಪತ್ತು ದಾಟಿದವರು, ಎಲ್ಲರಿಗೂ ಪಾಳಿ ಇದೆ.

ಹೆಜ್ಜೆ ತಪ್ಪಿದವರಿಗೆ ಹಿಂದಿನವರು ತಳ್ಳುವ ಕೋಲು ಬಂದು ಬಡಿಯುತ್ತದೆ. ಹೆಜ್ಜೆ ಕೂಡಿಸಲು ಹಾಡು ಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಉಳಿದಿದ್ದ ಮೂರು ಕಪ್ಪು ತಟ್ಟೆಗಳು ನಮ್ಮ ಪಾಲಿಗೆ ಬಂದದ್ದು ಹೀಗೆ. ನೀವು ಹುಡುಗರಾಗಿದ್ದಾಗ ಊರಿಗೆ ಬಂದ ಪುಸ್ತಕದ ವ್ಯಾನಿನಲ್ಲಿ ಕೊಂಡವಂತೆ, ಸೋವಿಯತ್ ಸೈನಿಕರ ನಡಿಗೆಯ ಹಾಡುಗಳು. ಆ ದೇಶ ನಿಮ್ಮ ಕಣ್ಣೆದುರೇ ಇಲ್ಲವಾಯಿತು. ಹಾಡು ಮಾತ್ರ ಇಲ್ಲಿಯವರೆಗೆ ನಡೆದುಬಂತು. ಒಂದು ಪದವೂ ಅರ್ಥವಾಗದು, ತಾತ. ಆದರೂ ಬಾವಿಯ ತಳದಿಂದ ಎದ್ದು ಬಂದಂಥ ಆ ಗಂಡಸರ ಕಂಠ, ಅದರ ಬೆನ್ನಿಗೆ ಕಹಳೆ, ನಡುವೆ ಒಂದೇ ಸಲ ತಾಳ ಬಡಿದು ಎಲ್ಲ ಸುಮ್ಮನಾಗುವ ಆ ಕ್ಷಣ. ಅದನ್ನು ಕೇಳಲೆಂದೇ ನಾನು ನಲವತ್ತೊಂದು ವರ್ಷ ತಿರುವಮ್ಮನಾಗಿದ್ದೆ. ತಿರುವಮ್ಮ ಎಂದರೆ ತಟ್ಟೆಯ ಹಿಡಿಯನ್ನು ಕೈಯಿಂದ ತಿರುಗಿಸುವವಳು. ಸೂಜಿ ತಗಡಿನ ಕೊಳವೆಗೆ ಹಾಡುತ್ತದೆ, ಜನ ಅದರ ಲಯಕ್ಕೆ ತಳ್ಳುತ್ತಾರೆ. ನಮ್ಮ ಹಾಡು ನಿಧಾನ, ಭಾರ, ಸಂಜೆ ಹೊಲದಿಂದ ಮರಳುವ ಎತ್ತಿನಂತೆ. ತಟ್ಟೆಯ ಒಂದು ಮುಖಕ್ಕೆ ಅರ್ಧ ಗಂಟೆ. ಅದೇ ಒಂದು ಪಾಳಿ.

ನೀವು ಮಗಳಿಗೆ ಇಟ್ಟ ನತಾಶಾ ಎಂಬ ಹೆಸರು ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿದೆ. ಈಗಿನ ನತಾಶಾ ನನ್ನ ಮೊಮ್ಮಗಳು, ಇಪ್ಪತ್ತಮೂರು ವರ್ಷ, ಕೈಗೆ ಸಿಕ್ಕ ಹಳೆಯ ಪುಸ್ತಕವನ್ನೆಲ್ಲ ಓದುವವಳು. ಮೂರು ತಟ್ಟೆಗಳ ಮೇಲೂ ಮೂವತ್ಮೂರು ಎಂಬ ಅಂಕಿ ಇದೆಯಲ್ಲ, ಅದನ್ನು ನಾವು ಕಾರ್ಖಾನೆಯ ಗುರುತು ಎಂದುಕೊಂಡಿದ್ದೆವು. ಅದು ನಿಮಿಷಕ್ಕೆ ತಿರುಗಬೇಕಾದ ಸುತ್ತು ಎಂದು ಅವಳು ಕಂಡುಹಿಡಿದಳು. ನನ್ನ ಕೈ ತಿರುಗಿಸುತ್ತಿದ್ದದ್ದು ಇಪ್ಪತ್ತೆರಡು. ಮೂರು ತಲೆಮಾರು ನಾವು ಓಡುವ ಹಾಡನ್ನು ಎಳೆದೆಳೆದು ಕೇಳಿದ್ದೆವು.

ಅವಳು ಗಡಿಯಾರದ ಹಲ್ಲುಚಕ್ರಗಳಿಗೆ ತೂಗುವ ಕಲ್ಲು ಕಟ್ಟಿ, ಅದು ಇಳಿದಂತೆ ತಟ್ಟೆ ತಾನೇ ಸರಿಯಾಗಿ ತಿರುಗುವಂತೆ ಮಾಡಿದಳು. ಮೊದಲ ಬೆಳಿಗ್ಗೆಯನ್ನು ಹೇಗೆ ಹೇಳಲಿ? ಗೊತ್ತಿದ್ದ ಮುದುಕರೆಲ್ಲ ಒಮ್ಮೆಲೇ ಹುಡುಗರಾಗಿ ಎದುರು ಬಂದಂತಾಯಿತು. ನನ್ನ ಮಂಡಿನೋವು ಎಲ್ಲಿ ಹೋಯಿತೋ. ಚಕ್ರದವರು ನಗುತ್ತಾ ತಳ್ಳಿದರು. ಸುತ್ತು ಅಷ್ಟೇ, ಹೆಜ್ಜೆ ಅಷ್ಟೇ, ಆದರೆ ಇಪ್ಪತ್ತೇ ನಿಮಿಷಕ್ಕೆ ಪಾಳಿ ಮುಗಿಯಿತು. ಎಲ್ಲರೂ ಬೆವರು ಒರೆಸಿಕೊಳ್ಳುತ್ತಾ ಮನೆಗೆ ಹೊರಟಿದ್ದರು. ಇನ್ನೊಂದು ಮುಖ ಹಾಕೋಣ ಎಂದವಳು ನಾನು. ಗಾಳಿ ಸಾಕಷ್ಟಿತ್ತು. ನನಗೆ ಕೇಳಬೇಕಿತ್ತು, ಅಷ್ಟೆ. ತಿರುವಮ್ಮ ಕೇಳಿದರೆ ಇಲ್ಲ ಎನ್ನುವ ರೂಢಿ ನಮ್ಮಲ್ಲಿಲ್ಲ. ಅವರೆಲ್ಲ ಮತ್ತೆ ಕೋಲು ಹಿಡಿದರು.

ಆರೋಗ್ಯಸ್ವಾಮಿ ನನಗಿಂತ ಎರಡು ವರ್ಷ ಚಿಕ್ಕವನು, ಪಕ್ಕದ ಗವಿಯವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಕಹಳೆ ಏರುವ ಜಾಗದಲ್ಲಿ ಅವನ ಹೆಜ್ಜೆ ಎಡವಿತು. ಹಿಂದಿನ ಕೋಲು ನಿಲ್ಲಲಿಲ್ಲ. ಹಿಡಿ ನನ್ನ ಕೈಯಲ್ಲಿದ್ದಿದ್ದರೆ ನಿಲ್ಲಿಸುತ್ತಿದ್ದೆ. ಕಲ್ಲಿಗೆ ನಿಲ್ಲುವುದು ತಿಳಿಯದು. ಪಕ್ಕೆಲುಬು ಮುರಿದು, ಉಸಿರು ಅರ್ಧಕ್ಕೆ ಬಂದು, ಅವನು ಹನ್ನೊಂದು ದಿನ ಮಲಗಿದ್ದ.

ನತಾಶಾ ತನ್ನ ಯಂತ್ರವನ್ನು ಒಡೆಯಲು ಹೊರಟಿದ್ದಳು, ನಾನು ಬಿಡಲಿಲ್ಲ. ಆ ಹಾಡು ಹಾಡಿಕೊಂಡು ಹೋದವರಲ್ಲಿ ಎಷ್ಟೋ ಜನ ಹಿಂತಿರುಗಲಿಲ್ಲವೆಂದೂ, ಅದೇ ಹಾಡು ಮೊಳಗುತ್ತಿದ್ದ ದೇಶದಲ್ಲಿ ಮಾತಾಡಿದವರನ್ನು ಹಿಮದ ಸೀಮೆಗೆ ಅಟ್ಟುತ್ತಿದ್ದರೆಂದೂ ಅವಳು ಓದಿ ಹೇಳಿದಳು. ನಾನು ಕೇಳಿದೆ. ಆಮೇಲೂ ಅದು ನನಗೆ ಇಷ್ಟವೇ ಆಗಿತ್ತು. ನಾಚಿಕೆಯಾಯಿತು, ಆದರೂ ಇಷ್ಟವೇ. ನಿಮ್ಮಲ್ಲಿ ಮುಚ್ಚಿಟ್ಟು ಏನಾಗಬೇಕು?

ಚಕ್ರಕ್ಕೆ ಈಗ ಹಾಡಿಲ್ಲ. ಯಾರಿಗೆ ಉಸಿರು ಎಲ್ಲರಿಗಿಂತ ಕಡಿಮೆಯೋ ಅವರೇ ಎಣಿಸುತ್ತಾರೆ, ಉಳಿದವರು ಆ ಎಣಿಕೆಗೆ ತಳ್ಳುತ್ತಾರೆ. ಪಾಳಿ ನಲವತ್ತು ನಿಮಿಷವಾಗಿದೆ. ಗೊಣಗುತ್ತಾರೆ, ತಳ್ಳುತ್ತಾರೆ.

ನಿನ್ನೆ ಆರೋಗ್ಯಸ್ವಾಮಿ ಹಾಡು ಬೇಕೆಂದು ಹೇಳಿ ಕಳಿಸಿದ. ಬೇಡವೆನ್ನಲು ಹೋಗಿ, ಅವನ ಮುಖ ನೋಡಿ, ತಟ್ಟೆ ತಂದೆ. ಹೆದರಿಕೆಯಿಂದ ಕೈಯಲ್ಲೇ ತಿರುಗಿಸಿದೆ, ಅವನ ಉಸಿರಿಗಿಂತಲೂ ನಿಧಾನವಾಗಿ. ಹಾಡು ಹಾಡಾಗಿ ಉಳಿಯದೆ ಎಮ್ಮೆ ಮುಲುಕಿದಂತೆ ಕೇಳಿತು. ಅವನು ಕಣ್ಣು ಬಿಟ್ಟ.

"ಯಾಕಕ್ಕ ಅದನ್ನೂ ಸಾಯಿಸ್ತೀಯ? ಸರಿಯಾಗಿ ಹಾಕು. ನಾನೇನು ಈಗ ತಳ್ಳಬೇಕಾ?"

ನತಾಶಾಳನ್ನು ಕರೆದು ಯಂತ್ರ ಜೋಡಿಸಲು ಹೇಳಿದೆ. ಮೂವತ್ಮೂರು ಸುತ್ತಿನಲ್ಲಿ ಇಡೀ ಮುಖ ಓಡಿತು. ಅವನು ಮಲಗಿಯೇ ಕೇಳಿದ, ನಾನು ನೆಲದ ಮೇಲೆ ಕೂತು ಕೇಳಿದೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮುಗಿದ ಮೇಲೆ ಚೆನ್ನಾಗಿತ್ತು ಎಂದ. ಬೆಳಗಿನ ಜಾವ ಅವನ ಉಸಿರು ನಿಂತಿತು. ಇವತ್ತು ಮಣ್ಣು ಮಾಡಿ ಬಂದು ಬರೆಯುತ್ತಿದ್ದೇನೆ.

ತಾತ, ಆ ತಟ್ಟೆಗಳನ್ನು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಕೇಳಿ, ಮನಸಾರೆ ಕೇಳಿ. ಕಾಲು ತಾನಾಗಿ ತಾಳ ಹಾಕಿದರೆ ಹಾಕಲಿ, ಅದು ನಿಮ್ಮ ಕಾಲು. ಹಾಡು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬರನ್ನು ಎದ್ದು ನಡೆಯಲು ಮಾತ್ರ ಹೇಳಬೇಡಿ. ನಾನು ಒಮ್ಮೆ ಹೇಳಿದೆ.

ಕೈ ಸೋತಿದೆ. ಇಲ್ಲಿಗೆ ಮುಗಿಸುತ್ತೇನೆ.

ನಿಮ್ಮ
ಮುನಿಲಕ್ಷ್ಮಮ್ಮ